ಏಳು ಪೌಂಡಿನ ಗಿರಣಿ

1897ರ ಜನವರಿ 13. ಡರ್ಬನ್ ಬಂದರಿನಲ್ಲಿ ಹಡಗಿಳಿದ 27 ವರ್ಷದ ವಕೀಲರೊಬ್ಬರ ಮೇಲೆ ಬಿಳಿಯರ ಗುಂಪು ಮುಗಿಬಿತ್ತು. ಕಲ್ಲು ತೂರಿದರು, ಕೊಳೆತ ಮೊಟ್ಟೆ ಎಸೆದರು, ಯಾರೋ ಪೇಟ ಕಿತ್ತುಕೊಂಡರು. ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ಮಿಸೆಸ್ ಅಲೆಕ್ಸಾಂಡರ್ ಅದೇ ದಾರಿಯಲ್ಲಿ ಬರುತ್ತಿದ್ದವರು ಕೊಡೆ ಬಿಚ್ಚಿ ಅಡ್ಡ ನಿಂತದ್ದರಿಂದ ವಕೀಲರು ಬದುಕಿಕೊಂಡರು. ಹೆಂಡತಿ ಮಕ್ಕಳನ್ನು ಮೊದಲೇ ಗಾಡಿ ಮಾಡಿ ಗೆಳೆಯ ಪಾರ್ಸಿ ರುಸ್ತುಂಜಿಯವರ ಮನೆಗೆ ಕಳಿಸಿದ್ದರು.

ಗಾಂಧಿಯವರ ಬದುಕಿನ ಈ ಪುಟ ನಮ್ಮ ಶಾಲೆಯ ಹುಡುಗರಿಗೂ ಗೊತ್ತು. ಅದರ ಮಗ್ಗುಲಿನ ಪುಟವನ್ನು ನಾವು ಅಷ್ಟಾಗಿ ಓದುವುದಿಲ್ಲ. ಗಲಾಟೆ ತಣ್ಣಗಾಯಿತು, ಮನೆ ಹೂಡಿದ್ದಾಯಿತು, ಪಾತ್ರೆ ಪಗಡ ಜೋಡಿಸಿದ್ದಾಯಿತು. ಆಮೇಲೆ ಎಲ್ಲ ಅಪ್ಪ ಅಮ್ಮಂದಿರ ಹಾಗೆ ಆ ಅಪ್ಪನೂ ಒಂದು ಪ್ರಶ್ನೆಯ ಮುಂದೆ ಕೂತರು: ಈ ಹುಡುಗರನ್ನು ಯಾವ ಶಾಲೆಗೆ ಹಾಕುವುದು?

ಆ ಪ್ರಶ್ನೆಗೆ ಉತ್ತರ ಸಿಕ್ಕಲು ಹದಿಮೂರು ವರ್ಷ ಹಿಡಿಯಿತು. ಅರ್ಧ ಉತ್ತರ ಒಂದು ಗಿರಣಿಯ ಹತ್ತಿರ ಸಿಕ್ಕಿತು. ಮಿಕ್ಕರ್ಧ ಸಿಗದೇ ಹೋದದ್ದಕ್ಕೆ ಬೆಲೆ ತೆತ್ತವನು ಮನೆಯ ಹಿರಿಯ ಮಗ.

ಸಂಬಳಕ್ಕೆ ಬಂದ ಶಾಲೆ

ಮನೆಯಲ್ಲಿದ್ದವರು ಮೂವರು ಹುಡುಗರು. ಅಕ್ಕನ ಮಗ ಗೋಕುಲದಾಸನಿಗೆ 10 ವರ್ಷ, ಹಿರಿಯ ಮಗ ಹರಿಲಾಲನಿಗೆ 9, ಮಣಿಲಾಲನಿಗೆ 5. ಬಿಳಿಯರ ಮಕ್ಕಳ ಶಾಲೆಗಳಿದ್ದವು. ವಕೀಲರ ಮಕ್ಕಳು ಅಂತ ವಿಶೇಷ ಕೃಪೆಯಿಂದ ಸೇರಿಸಿಕೊಳ್ಳಬಹುದಿತ್ತು. ಬೇರೆ ಭಾರತೀಯರ ಮಕ್ಕಳಿಗೆ ತೆರೆಯದ ಬಾಗಿಲು ತನ್ನ ಮಕ್ಕಳಿಗೆ ಮಾತ್ರ ತೆರೆಯುವುದು ಗಾಂಧಿಯವರಿಗೆ ಸರಿಬರಲಿಲ್ಲ. ಮಿಷನ್ ಶಾಲೆಗಳಲ್ಲಿ ಕಲಿಸುವ ಬಗೆ ಹಿಡಿಸಲಿಲ್ಲ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಊರಿಗೆ ವಾಪಸು ಕಳಿಸೋಣವೆಂದರೆ ಚಿಕ್ಕ ಮಕ್ಕಳು ಅಪ್ಪ ಅಮ್ಮನ ಜೊತೆಗೇ ಇರಬೇಕು ಎಂಬ ನಂಬಿಕೆ ಆಗಲೇ ಬಲವಾಗಿತ್ತು.

ಶಾಲೆಗೆ ಮಕ್ಕಳು ಹೋಗದಿದ್ದರೆ ಶಾಲೆಯೇ ಮನೆಗೆ ಬರಲಿ ಎಂದು ಜಾಹೀರಾತು ಕೊಟ್ಟರು. ತಿಂಗಳಿಗೆ 7 ಪೌಂಡ್ ಸಂಬಳದ ಮೇಲೆ ಒಬ್ಬ ಇಂಗ್ಲಿಷ್ ಶಿಕ್ಷಕಿ ಬಂದರು. ಅವರು ಇಂಗ್ಲಿಷ್ ನೋಡಿಕೊಳ್ಳುವುದು, ಗುಜರಾತಿಯನ್ನು ಅಪ್ಪ ಕಲಿಸುವುದು ಅಂತ ಏರ್ಪಾಡು.

ಹೋಂಸ್ಕೂಲಿಂಗ್‌ಗೆ ಕೈ ಹಾಕಿದ ಎಲ್ಲರೂ ಮೊದಲು ಮುಗ್ಗರಿಸುವುದು ಇಲ್ಲೇ. ಶಾಲೆಯ ಗಂಟೆಗಳನ್ನು ಹಾಗೇ ಎತ್ತಿ ತಂದು ಮನೆಯಲ್ಲಿಡುತ್ತೇವೆ. ಮನೆಗೆ ಅದರದೇ ಗಂಟೆಗಳಿವೆ ಎನ್ನುವುದು ಮರೆತಿರುತ್ತದೆ. ಡರ್ಬನ್ನಿನ ಆ ಮನೆಯಲ್ಲಿ ಕಚೇರಿಯ ಗುಮಾಸ್ತರೂ ಎಷ್ಟೋ ಸಲ ಉಳಿದುಕೊಳ್ಳುತ್ತಿದ್ದರು. ಕಕ್ಷಿಗಾರರು, ಅರ್ಜಿಗಳು, ಸಭೆಗಳು ಮುಗಿಯುತ್ತಲೇ ಇರಲಿಲ್ಲ. ಅಪ್ಪನ ಗುಜರಾತಿ ಪಾಠ ಇವತ್ತು ಇದ್ದರೆ ನಾಳೆ ಇಲ್ಲ. ಮಕ್ಕಳು ತಾಯ್ನುಡಿ ಕಲಿತರು, ಪಾಠದಿಂದ ಅಲ್ಲ, ಮನೆಯಲ್ಲಿ ಅದನ್ನು ಬಿಟ್ಟು ಬೇರೆ ಮಾತಾಡದ ಕಟ್ಟುನಿಟ್ಟಿನಿಂದ.

ಈ ಅಪ್ಪನಿಗೆ ಮಕ್ಕಳ ಮೇಲೆ ಅಸಡ್ಡೆ ಇತ್ತು ಅನ್ನುವ ಹಾಗಿಲ್ಲ. ಬಾಣಂತನ ಮತ್ತು ಶಿಶುಪಾಲನೆಯ ಮೇಲೆ ವೈದ್ಯರೊಬ್ಬರು ಗುಜರಾತಿಯಲ್ಲಿ ಬರೆದ ಪುಸ್ತಕವನ್ನು ಕೂತು ಓದಿದ್ದರು. 1900ರಲ್ಲಿ ಕೊನೆಯ ಮಗ ದೇವದಾಸ ಹುಟ್ಟುವಾಗ ಹೆರಿಗೆ ನೋವು ದಿಢೀರನೆ ಬಂದು, ಡಾಕ್ಟರೂ ಸೂಲಗಿತ್ತಿಯೂ ಸಮಯಕ್ಕೆ ಸಿಗದೆ, ಹೆರಿಗೆ ಮಾಡಿಸಿದ್ದು ಅವರೇ. ಎಳೆಗೂಸುಗಳಿಗೆ ನೀರು ಹಾಕಿದರು, ಎತ್ತಿ ಆಡಿಸಿದರು. ಇಷ್ಟು ಮಾಡಿದ ಅಪ್ಪನಿಗೆ ದಿನಕ್ಕೊಂದು ಗಂಟೆ ಸ್ಲೇಟು ಹಿಡಿದು ಕೂರಲಾಗಲಿಲ್ಲ. 7 ಪೌಂಡಿಗೆ ಶಿಕ್ಷಕಿ ಸಿಕ್ಕಿದ್ದರು, ಆ ಗಂಟೆ ಸಿಗಲಿಲ್ಲ.

ಸೂರೊಂದು, ಕೆಲಸವೊಂದು

1904. ಗಾಂಧಿಯವರ ವಕೀಲಿಕೆ ಈಗ ಜೊಹಾನ್ಸ್‌ಬರ್ಗಿನಲ್ಲಿ. ಹಿಂದಿನ ವರ್ಷ ಡರ್ಬನ್ನಿನಲ್ಲಿ ಶುರುವಾದ ‘ಇಂಡಿಯನ್ ಒಪಿನಿಯನ್’ ವಾರಪತ್ರಿಕೆ ಅವರ ಸಂಪಾದನೆಯನ್ನು ನುಂಗುತ್ತಿತ್ತು. ಲೆಕ್ಕ ನೋಡಿಬರಲು ಡರ್ಬನ್ನಿಗೆ ಹೊರಟಾಗ ಗೆಳೆಯ ಹೆನ್ರಿ ಪೋಲಾಕ್ ಸ್ಟೇಷನ್ನಿಗೆ ಬಂದು, ದಾರಿಗಿರಲಿ ಅಂತ ಒಂದು ಪುಸ್ತಕ ಕೊಟ್ಟರು. ಜಾನ್ ರಸ್ಕಿನ್‌ನ ‘ಅನ್‌ಟು ದಿಸ್ ಲಾಸ್ಟ್’. ಇಪ್ಪತ್ತನಾಲ್ಕು ಗಂಟೆಯ ಪಯಣ. ಪುಸ್ತಕ ಕೆಳಗಿಡಲಾಗಲಿಲ್ಲ, ರಾತ್ರಿ ನಿದ್ದೆಯೂ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ಮೈಮುರಿದು ದುಡಿಯುವ ಬದುಕೇ ಬದುಕು. ಇದನ್ನು ಓದಿ ತಲೆದೂಗುವುದು ಬೇರೆ, ಮರುದಿನವೇ ಜಮೀನು ಹುಡುಕುವುದು ಬೇರೆ. ಗಾಂಧಿಯವರು ಜಮೀನು ಹುಡುಕಿದರು.

ಡರ್ಬನ್ನಿನಿಂದ 14 ಮೈಲಿ ದೂರದ ಫೀನಿಕ್ಸ್ ಎಂಬ ಸ್ಟೇಷನ್ನಿನ ಹತ್ತಿರ ಮೊದಲು 20 ಎಕರೆ ಕೊಂಡರು. ಸಣ್ಣ ಒರತೆ, ಒಂದಷ್ಟು ಕಿತ್ತಳೆ ಮಾವಿನ ಗಿಡ. ಒತ್ತಿನಲ್ಲೇ ಇನ್ನೂ 80 ಎಕರೆ, ಅದರಲ್ಲೊಂದು ಮುರುಕು ಮನೆ. ಒಟ್ಟು 1,000 ಪೌಂಡ್. ಹುಲ್ಲು ಎದೆಯುದ್ದ, ಹುಲ್ಲಿನ ತುಂಬ ಹಾವು. ರುಸ್ತುಂಜಿಯವರು ಕೊಟ್ಟ ತಗಡಿನ ಶೀಟುಗಳಿಂದ 75 ಅಡಿ ಉದ್ದ, 50 ಅಡಿ ಅಗಲದ ಶೆಡ್ಡು ಒಂದೇ ತಿಂಗಳೊಳಗೆ ಎದ್ದಿತು. ಛಾಪಖಾನೆ ಅಲ್ಲಿಗೆ ಬಂತು, ಅದನ್ನು ನಡೆಸುವ ಸಂಸಾರಗಳೂ ಬಂದವು. ಸಂಸಾರಕ್ಕೆ ಮೂರು ಎಕರೆಯ ಲೆಕ್ಕದಲ್ಲಿ ತುಂಡು ಮಾಡಿ ತಗಡಿನ ಮನೆ ಕಟ್ಟಿಕೊಂಡರು. ಬಣ್ಣ, ದೇಶ ಯಾವುದೇ ಇರಲಿ, ತಿಂಗಳಿಗೆ ತಲಾ 3 ಪೌಂಡ್. ಅಚ್ಚಿನ ಮೊಳೆ ಜೋಡಿಸುವುದನ್ನು ಎಲ್ಲರೂ ಕಲಿಯಬೇಕು. ಅಚ್ಚುಕೂಟದಲ್ಲಿ ಅದಕ್ಕಿಂತ ಸುಲಭದ ಕೆಲಸವೂ ಇಲ್ಲ, ಬೇಸರದ ಕೆಲಸವೂ ಇಲ್ಲ.

ಮೊದಲ ಸಂಚಿಕೆಯ ರಾತ್ರಿ ಎಣ್ಣೆ ಎಂಜಿನ್ ಕೈಕೊಟ್ಟಿತು. ಅದಕ್ಕೆಂದೇ ಕೈಯಲ್ಲಿ ತಿರುಗಿಸುವ ದೊಡ್ಡ ಚಕ್ರವೊಂದನ್ನು ಇಟ್ಟುಕೊಂಡಿದ್ದರು, ಆದರೆ ಒಂದು ಸರದಿಗೆ ನಾಲ್ವರು ಬೇಕು, ಇದ್ದವರೆಲ್ಲ ದಣಿದಿದ್ದರು. ಕಟ್ಟಡದ ಕೆಲಸಕ್ಕೆ ಬಂದ ಬಡಗಿಗಳು ಶೆಡ್ಡಿನಲ್ಲೇ ಮಲಗಿದ್ದರು. ಅವರನ್ನು ಎಬ್ಬಿಸಿ ಕೇಳಿದರೆ, ಇಷ್ಟಕ್ಕೂ ಒದಗದಿದ್ದರೆ ನಾವು ಯಾಕೆ ಎಂದು ಎದ್ದು ಬಂದರು. ಅಚ್ಚುಕೂಟದ ಹೊಣೆ ಹೊತ್ತಿದ್ದ ಆಲ್ಬರ್ಟ್ ವೆಸ್ಟ್ ಹಾಡುತ್ತಾ ಚಕ್ರಕ್ಕೆ ಕೈ ಕೊಟ್ಟರು. ಬೆಳಿಗ್ಗೆ ಏಳರವರೆಗೂ ತಂಡ ತಂಡವಾಗಿ ತಿರುಗಿಸಿದರು. 1904ರ ಡಿಸೆಂಬರ್ 24ರ ದಿನಾಂಕದ ಪತ್ರಿಕೆ ಹೊತ್ತಿಗೆ ಸರಿಯಾಗಿ ಹೊರಬಿತ್ತು. ಮುಂದೆ ಒಂದಷ್ಟು ಕಾಲ ಎಂಜಿನ್ನನ್ನು ಬೇಕೆಂದೇ ಬಿಟ್ಟು ಕೈಯಲ್ಲೇ ನಡೆಸಿದರು. ಫೀನಿಕ್ಸಿನ ಅತ್ಯುತ್ತಮ ದಿನಗಳು ಅವೇ ಎಂದು ಗಾಂಧಿಯವರು ನೆನೆಯುತ್ತಾರೆ.

ಮನೆಯಿಂದಲೇ ದುಡಿಯುವುದು ಎಂದು ನಾವು ಇವತ್ತು ಹೇಳುವುದಕ್ಕೂ ಫೀನಿಕ್ಸಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ದುಡಿಮೆ ಅಲ್ಲಿ ಬಾಗಿಲು ಹಾಕಿಕೊಂಡ ಕೋಣೆಯೊಳಗೆ ನಡೆಯುತ್ತಿರಲಿಲ್ಲ. ಅಪ್ಪ ಏನು ಮಾಡುತ್ತಾನೆ, ಅದರಿಂದ ಊಟ ಹೇಗೆ ಬರುತ್ತದೆ ಎನ್ನುವುದು ಮಗುವಿನ ಕಣ್ಣೆದುರಿಗಿತ್ತು. ಹುಡುಗನ ಕೈ ಮೊಳೆಯ ಪೆಟ್ಟಿಗೆ ಮುಟ್ಟುವಷ್ಟು ಬೆಳೆದರೆ ಸಾಕು, ಅದೇ ಅಕ್ಷರಾಭ್ಯಾಸ.

ಇದನ್ನು ಕಂಡುಕೊಂಡವರೇ ಅಲ್ಲಿ ನೆಲೆಸಲಿಲ್ಲ. ವಕೀಲಿಕೆ ಅವರನ್ನು ಜೊಹಾನ್ಸ್‌ಬರ್ಗಿಗೆ ಎಳೆದುಕೊಂಡು ಹೋಯಿತು.

ಒಬ್ಬರಿಗೆ ಭಾರ

ಫೀನಿಕ್ಸನ್ನು ಬಿಟ್ಟು ಬಂದವರು ಅದರ ಒಂದು ತುಣುಕನ್ನು ಜೊಹಾನ್ಸ್‌ಬರ್ಗಿನ ಮನೆಗೆ ತಂದರು. ನಡುವೆ ಊರಿಗೆ ಹೋಗಿದ್ದ ಹೆಂಡತಿ ಕಸ್ತೂರಬಾ ಮತ್ತು ಕಿರಿಯ ಮಕ್ಕಳು ಮತ್ತೆ ಬಂದಿದ್ದರು. ಪೋಲಾಕ್ ಮತ್ತು ಅವರ ಹೆಂಡತಿ ಮಿಲಿ ಕೂಡ ಅದೇ ಮನೆಯಲ್ಲಿದ್ದರು. ಅಂಗಡಿಯ ಬ್ರೆಡ್ಡು ಬೇಡ, ಮನೆಯಲ್ಲೇ ಹಿಟ್ಟು ಬೀಸಿ ರೊಟ್ಟಿ ಸುಡೋಣ ಎಂದು ಕೈಯಲ್ಲಿ ತಿರುಗಿಸುವ ಗಿರಣಿ ಕೊಂಡರು. ಅದರ ಬೆಲೆ 7 ಪೌಂಡ್. ಡರ್ಬನ್ನಿನಲ್ಲಿ ಶಿಕ್ಷಕಿಗೆ ತಿಂಗಳಿಗೆ ಕೊಡುತ್ತಿದ್ದ ಹಣ ಅಷ್ಟೇ. ಈ ಹೊಂದಿಕೆಯನ್ನು ಗಾಂಧಿಯವರು ಗಮನಿಸಿದ್ದರೋ ಇಲ್ಲವೋ, ಅವರ ಆತ್ಮಕಥೆಯ ಎರಡು ಬೇರೆ ಬೇರೆ ಅಧ್ಯಾಯಗಳಲ್ಲಿ ಆ ಎರಡು ಅಂಕಿಗಳು ಸುಮ್ಮನೆ ಕೂತಿವೆ.

ಗಿರಣಿಯ ಗಾಲಿ ಕಬ್ಬಿಣದ್ದು. ಒಬ್ಬರಿಗೆ ಜಗ್ಗದು, ಇಬ್ಬರಾದರೆ ಸಲೀಸು. ಹೆಚ್ಚಾಗಿ ಗಾಂಧಿಯವರು, ಪೋಲಾಕ್ ಮತ್ತು ಮಕ್ಕಳು ಬೀಸುತ್ತಿದ್ದರು. ಬೀಸುವ ಹೊತ್ತೇ ಒಲೆ ಹೊತ್ತಿಸುವ ಹೊತ್ತೂ ಆದ್ದರಿಂದ ಕಸ್ತೂರಬಾ ಆಗೊಮ್ಮೆ ಈಗೊಮ್ಮೆ ಕೈ ಹಾಕುತ್ತಿದ್ದರು, ಮಿಲಿಯೂ ಬರುತ್ತಿದ್ದರು. ಮಕ್ಕಳಿಗೆ ಇದು ಕಡ್ಡಾಯವಲ್ಲ. ಆಟದ ಹಾಗೆ ಬಂದು ಹಿಡಿ ಹಿಡಿಯುವುದು, ಸಾಕಾದರೆ ಬಿಟ್ಟು ಓಡುವುದು. ಆದರೂ ಅವರು ತಪ್ಪಿಸಿಕೊಂಡದ್ದು ಕಡಿಮೆ.

ಬೀಸುಕಲ್ಲಿನ ಮುಂದೆ ಅಜ್ಜಿ ಕೂತಾಗ ಗೂಟಕ್ಕೆ ಕೈ ಕೊಟ್ಟು ಕೂತ ಮೊಮ್ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಕಲ್ಲು ತಿರುಗುವಾಗ ಅಜ್ಜಿಯ ಬಾಯಲ್ಲಿ ಹಾಡು, ಕತೆ, ಲೆಕ್ಕ, ಬೈಗುಳ ಎಲ್ಲ ಬರುತ್ತಿತ್ತು. ಯಾರೂ ಅದನ್ನು ಪಾಠ ಅನ್ನುತ್ತಿರಲಿಲ್ಲ. ಕೈ ಕೆಲಸದಲ್ಲಿದ್ದರೆ ಕಿವಿ ಬಿಡುವಾಗಿರುತ್ತದೆ.

ಬೀಸಿದ್ದಾದ ಮೇಲೆ ಕಚೇರಿಗೆ ನಡಿಗೆ. ಹೋಗಿ ಬರುವುದು ಸೇರಿ ಸುಮಾರು 5 ಮೈಲಿ. ಮಕ್ಕಳೂ ಜೊತೆಗೆ. ದಾರಿಯುದ್ದಕ್ಕೂ ಗುಜರಾತಿಯಲ್ಲಿ ಮಾತು, ಮಾತಿನಲ್ಲೇ ಪಾಠ. ಬೇರೆ ಯಾರಾದರೂ ಜೊತೆಗೆ ಸಿಕ್ಕಿದರೆ ಅವತ್ತಿನ ಪಾಠ ಅಲ್ಲಿಗೇ ನಿಲ್ಲುವುದು. ಪೋಲಾಕ್‌ಗೆ ಇದು ಸರಿ ಕಾಣಲಿಲ್ಲ. ಮಕ್ಕಳಿಗೆ ಚಿಕ್ಕಂದಿನಿಂದ ಇಂಗ್ಲಿಷ್ ಕಲಿಸಿದರೆ ಬದುಕಿನ ಓಟದಲ್ಲಿ ಮುಂದಿರುತ್ತಾರೆ, ನೀವು ಅವರ ದಾರಿಗೆ ಕಲ್ಲು ಹಾಕುತ್ತಿದ್ದೀರಿ ಎಂದು ಜಗಳವಾಡುತ್ತಿದ್ದರು. ನಮ್ಮ ಮನೆಗಳಲ್ಲಿ ಪ್ರತಿ ಮೇ ತಿಂಗಳು ನಡೆಯುವ ಅದೇ ಜಗಳ. ಗಾಂಧಿಯವರು ಸೋಲಲಿಲ್ಲ.

ಆದರೆ ಒಂದು ಕಡೆ ತಾನು ಸೋತದ್ದನ್ನು ಮುಂದೆ ಅವರೇ ಬರೆದಿಟ್ಟರು. ಈ ನಡಿಗೆ, ಈ ಬೀಸುವಿಕೆಯ ಜೊತೆಗೆ ದಿನಕ್ಕೆ ಒಂದೇ ಒಂದು ಗಂಟೆ ತಪ್ಪದೆ ಓದು ಬರಹಕ್ಕೆ ಕೊಟ್ಟಿದ್ದರೆ ಮಕ್ಕಳ ವಿದ್ಯೆ ಪೂರ್ಣವಾಗುತ್ತಿತ್ತು ಎಂಬ ತಪ್ಪೊಪ್ಪಿಗೆ ಅದು. ಹಾಗೆ ಬೆಳೆದ ಮಕ್ಕಳಲ್ಲಿ ಹರಿಲಾಲ ಇರಲಿಲ್ಲ ಎಂದೂ ಅಲ್ಲೇ ಸೇರಿಸಿದ್ದಾರೆ. ಅವನು ಆಗ ಊರಿನಲ್ಲಿದ್ದ.

ಮಧ್ಯಾಹ್ನದ ತೂಕಡಿಕೆ

1909ರ ಮಾರ್ಚಿನಲ್ಲಿ, ಸತ್ಯಾಗ್ರಹ ಚಳವಳಿಯಲ್ಲಿ ಸೆರೆಯಾಗಿದ್ದ ಗಾಂಧಿಯವರು ಪ್ರಿಟೋರಿಯಾ ಜೈಲಿನಿಂದ, ಆಗ ಫೀನಿಕ್ಸಿಗೆ ಬಂದು ನೆಲೆಸಿದ್ದ ಮಣಿಲಾಲನಿಗೆ ಉದ್ದದ ಕಾಗದ ಬರೆದರು. ಹುಡುಗನಿಗೆ 16 ವರ್ಷ. ನನ್ನ ಓದಿನ ಗತಿಯೇನು ಎಂಬ ಚಿಂತೆ ಅವನಿಗೆ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಿದ್ದೀಯಲ್ಲ, ತಮ್ಮಂದಿರನ್ನು ಸಂಭಾಳಿಸುತ್ತಿದ್ದೀಯಲ್ಲ, ಅದರಲ್ಲೇ ಅರ್ಧ ವಿದ್ಯೆಯಾಯಿತು ಎನ್ನುವ ಧಾಟಿಯ ಸಮಾಧಾನ ಕಾಗದದಲ್ಲಿತ್ತು. ಮನೆಯ ಖರ್ಚನ್ನು ಕಾಸು ಕಾಸಿಗೆ ಬರೆದಿಡು, ತೋಟ ಅಗೆ, ಲೆಕ್ಕ ಮತ್ತು ಸಂಸ್ಕೃತ ಬಿಡಬೇಡ, ಸಂಗೀತ ಕಲಿ ಎಂಬ ಪಟ್ಟಿಯೂ ಇತ್ತು. ಅಪ್ಪನ ಮನಸ್ಸಿನಲ್ಲಿ ಪಠ್ಯಕ್ರಮ ಮೂಡಿಬಿಟ್ಟಿತ್ತು. ಕಲಿಸಲು ಅವರು ಮಾತ್ರ ಮನೆಯಲ್ಲಿರಲಿಲ್ಲ.

ಮರುವರ್ಷ ಇದ್ದರು. ಅದಕ್ಕೆ ಕಾರಣ ದುಡ್ಡಿನ ಮುಗ್ಗಟ್ಟು. ಜೈಲಿಗೆ ಹೋದ ಸತ್ಯಾಗ್ರಹಿಗಳ ಸಂಸಾರಗಳಿಗೆ ತಿಂಗಳು ತಿಂಗಳು ನಗದು ಕೊಟ್ಟು ಚಳವಳಿಯ ಬೊಕ್ಕಸ ಬರಿದಾಗುತ್ತಿತ್ತು. ಎಲ್ಲರೂ ಒಂದೆಡೆ ಇದ್ದು ದುಡಿದು ಉಂಡರೆ ಬಚಾವು. 1910ರ ಮೇ 30ರಂದು ವಾಸ್ತುಶಿಲ್ಪಿ ಹರ್ಮನ್ ಕ್ಯಾಲೆನ್‌ಬ್ಯಾಕ್ ತಮ್ಮ 1,100 ಎಕರೆಯ ತೋಟವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಜೊಹಾನ್ಸ್‌ಬರ್ಗಿನಿಂದ 21 ಮೈಲಿ, ಸಾವಿರದ ಹತ್ತಿರ ಹಣ್ಣಿನ ಮರ, ಎರಡು ಬಾವಿ, ಗುಡ್ಡದ ಬುಡದಲ್ಲಿ ಒಂದು ಪುಟ್ಟ ಮನೆ. ಹೆಸರು ಟಾಲ್‌ಸ್ಟಾಯ್ ಫಾರ್ಮ್. ಗುಜರಾತಿ, ತಮಿಳು, ತೆಲುಗು, ಹಿಂದಿಯ ಜನ, ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತರು. ಮಕ್ಕಳೇ ಇಪ್ಪತ್ತು ಮೂವತ್ತು.

ಆಳುಕಾಳು ಇಲ್ಲ. ಅಡುಗೆಯಿಂದ ಪಾಯಿಖಾನೆಯವರೆಗೆ ಎಲ್ಲವೂ ಕೈಯಾರೆ. ಕ್ಯಾಲೆನ್‌ಬ್ಯಾಕ್ ಟ್ರಾಪಿಸ್ಟ್ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧಿಯವರು ಕಲಿತರು, ಗಾಂಧಿಯವರಿಂದ ಹುಡುಗರು. ಸ್ವಲ್ಪ ದಿನದಲ್ಲೇ ಹುಡುಗರ ಹೊಲಿಗೆ ಮೇಷ್ಟರ ಹೊಲಿಗೆಯನ್ನು ಮೀರಿಸಿತು. ಚಪ್ಪಲಿಗಳನ್ನು ಪರಿಚಯದವರಿಗೆ ಮಾರತೊಡಗಿದರು. ಮರಗೆಲಸವನ್ನೂ ಹಿಡಿದರು, ಬೆಂಚು ಬೇಕು, ಪೆಟ್ಟಿಗೆ ಬೇಕು, ಅಂಗಡಿಗೆ ಹೋಗಲು ದುಡ್ಡಿಲ್ಲ. ತೋಟದ ಕೆಲಸಕ್ಕೆ ಪೇಟೆಗೆ ಹೋಗುವವರಿಗೆ ಮಾತ್ರ ಮೂರನೇ ದರ್ಜೆಯ ರೈಲು ಚಾರ್ಜು. ಪೇಟೆ ನೋಡುವ ಆಸೆಯುಳ್ಳವರು ನಡೆಯಬೇಕು, ಹೋಗಿ ಬರಲು 42 ಮೈಲಿ. ನಸುಕಿನ ಎರಡು ಗಂಟೆಗೇ ಹೊರಡುತ್ತಿದ್ದರು. ಬುತ್ತಿಗೆ ಮನೆಯಲ್ಲೇ ಬೀಸಿದ ಹಿಟ್ಟಿನ ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಕಿತ್ತಳೆ ಸಿಪ್ಪೆಯ ಮಾರ್ಮಲೇಡ್.

ಒಂದು ನಿಯಮ ಮಾತ್ರ ಮುರಿಯುವಂತಿರಲಿಲ್ಲ. ಮೇಷ್ಟರು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಕೂಡದು. ಗುಂಡಿ ತೋಡುವಲ್ಲಿ, ಮರ ಕಡಿಯುವಲ್ಲಿ ಒಬ್ಬ ಮೇಷ್ಟರು ಜೊತೆಗಿರಲೇಬೇಕು. ಜೊಹಾನ್ಸ್‌ಬರ್ಗಿನ ಗಿರಣಿಯ ಬಳಿ ತಾನಾಗಿ ಆದದ್ದು ಇಲ್ಲಿ ಕಟ್ಟಳೆಯಾಯಿತು: ಒಂದು ಹಿಡಿಯಲ್ಲಿ ಮಗುವಿನ ಕೈ, ಇನ್ನೊಂದರಲ್ಲಿ ದೊಡ್ಡವರ ಕೈ.

ಪುಸ್ತಕದ ಪಾಠಕ್ಕೆ ಮಿಕ್ಕಿದ್ದು ಮಧ್ಯಾಹ್ನದ ಊಟದ ನಂತರದ ಹೊತ್ತು. ಬೆಳಗಿನಿಂದ ಮಣ್ಣು ಅಗೆದ ಮೈ, ಹೊಟ್ಟೆ ತುಂಬ ಊಟ. ಮಕ್ಕಳೂ ತೂಕಡಿಸುತ್ತಿದ್ದರು, ಮೇಷ್ಟರೂ ತೂಕಡಿಸುತ್ತಿದ್ದರು. ಕಣ್ಣಿಗೆ ನೀರು ಚಿಮುಕಿಸಿಕೊಳ್ಳುವುದು, ಆಟವಾಡಿಸಿ ಎಬ್ಬಿಸುವುದು, ಮತ್ತೆ ರೆಪ್ಪೆ ಅಂಟುವುದು. ಗಾಂಧಿಯವರ ತಮಿಳು, ಪೋಪ್ ಎಂಬವರು ಬರೆದ ಕೈಪಿಡಿಯಿಂದ ಕಲಿತದ್ದು, ತಮಿಳು ಮಕ್ಕಳ ತಮಿಳಿಗಿಂತ ಕಡಿಮೆ. ಅವರ ಉರ್ದು ಒಂದು ಹಡಗು ಪ್ರಯಾಣದಲ್ಲಿ ಕಲಿತಷ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಮಕ್ಕಳಿಗೆ ಹೇಳಿಬಿಡುತ್ತಿದ್ದರು. ಪಠ್ಯಪುಸ್ತಕಗಳನ್ನು ಅಷ್ಟಾಗಿ ಮುಟ್ಟಲಿಲ್ಲ. ಮಕ್ಕಳು ಓದುವ ಪುಸ್ತಕ ಮೇಷ್ಟರೇ ಎಂಬುದು ಅವರಿಗೆ ಅಲ್ಲಿ ಖಚಿತವಾಯಿತು.

ದುಡಿಮೆಯೊಳಗೇ ಪಾಠ ಎಂಬ ಅರ್ಧ ಉತ್ತರ ಹೀಗೆ ಕೈಗೆ ಸಿಕ್ಕಿತು. ಓದಿನ ಗಂಟೆ ಎಂಬ ಮಿಕ್ಕರ್ಧ ಅಲ್ಲಿ ತೂಕಡಿಸುತ್ತಿತ್ತು.

ಗಿರಣಿಯ ಬಳಿ ಇಲ್ಲದವನು

ಹರಿಲಾಲ ದಕ್ಷಿಣ ಆಫ್ರಿಕಾಕ್ಕೆ ಮತ್ತೆ ಬಂದಾಗ ಮದುವೆಯಾದ ಯುವಕ. ಅಪ್ಪನ ಚಳವಳಿಗೆ ಧುಮುಕಿ ಮತ್ತೆ ಮತ್ತೆ ಜೈಲಿಗೆ ಹೋದ. ಜನ ಅವನನ್ನು ಚಿಕ್ಕ ಗಾಂಧಿ ಎಂದು ಕರೆದರು. ಅವನಿಗೆ ಬೇಕಾಗಿದ್ದದ್ದು ಅಪ್ಪನಿಗೆ ಸಿಕ್ಕಿದ್ದೇ: ಪರೀಕ್ಷೆ, ಇಂಗ್ಲೆಂಡು, ಬ್ಯಾರಿಸ್ಟರ್ ಪದವಿ. ಗೆಳೆಯ ಡಾ. ಪ್ರಾಣಜೀವನ ಮೆಹ್ತಾ ಇಂಗ್ಲೆಂಡಿನ ಓದಿಗೆಂದು ಕೊಟ್ಟ ನೆರವನ್ನು ಗಾಂಧಿಯವರು ಮಗನನ್ನು ಬಿಟ್ಟು ಬೇರೆಯವರಿಗೆ ದಾಟಿಸಿದರು. ತನ್ನ ಮಗನಿಗೆ ಮಾತ್ರ ಬಾಗಿಲು ತೆರೆಯಬಾರದು ಎಂಬ ಡರ್ಬನ್ನಿನ ಹಳೆಯ ನ್ಯಾಯವೇ ಅದು. ಈ ಸಲ ಬಾಗಿಲಿನ ಹೊರಗೆ ನಿಂತವನಿಗೆ ಮೀಸೆ ಬಂದಿತ್ತು.

1911ರಲ್ಲಿ ಹರಿಲಾಲ ಮನೆ ಬಿಟ್ಟ. ಅಹಮದಾಬಾದಿಗೆ ಹೋಗಿ ಹೈಸ್ಕೂಲು ಸೇರಿದ. ಸ್ವಂತ ಮಕ್ಕಳಿದ್ದ ತಂದೆ ಹುಡುಗರ ಜೊತೆ ಬೆಂಚಿನಲ್ಲಿ ಕೂತ. ಮೆಟ್ರಿಕ್ ಪಾಸಾಗಲಿಲ್ಲ. ಮುಂದಿನ ಬದುಕು ಒಡೆದ ಮಡಕೆ. 1948ರಲ್ಲಿ ಅಪ್ಪ ಹೋಗಿ ಐದು ತಿಂಗಳು ತುಂಬುವ ಮೊದಲೇ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಶಾಲೆ ಇಲ್ಲದ್ದರಿಂದಲೇ ಹೀಗಾಯಿತು ಎಂದು ಹೇಳುವುದು ಅನ್ಯಾಯ, ಒಬ್ಬನ ಬದುಕಿಗೆ ಒಂದೇ ಕಾರಣ ಇರುವುದಿಲ್ಲ. ಆದರೆ ಮಿಕ್ಕ ಮಕ್ಕಳಿಗೂ ಕೊರಗು ಇತ್ತು. ಬಿ.ಎ., ಎಂ.ಎ. ಆದವರನ್ನು ಕಂಡಾಗ, ಕೊನೆಗೆ ಮೆಟ್ರಿಕ್ ಆದವರನ್ನು ಕಂಡಾಗಲೂ ಅವರಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು ಎಂದು ಅಪ್ಪನೇ ಬರೆದಿದ್ದಾರೆ.

ಈ ಕತೆಗೆ ಇನ್ನೊಂದು ಮುಖವೂ ಇದೆ. ಜೈಲಿನ ಕಾಗದ ಪಡೆದ ಮಣಿಲಾಲ 1920ರಿಂದ 1956ರಲ್ಲಿ ಸಾಯುವವರೆಗೆ ಅದೇ ಫೀನಿಕ್ಸಿನಿಂದ ‘ಇಂಡಿಯನ್ ಒಪಿನಿಯನ್’ ನಡೆಸಿದ. ಹೆರಿಗೆಯಲ್ಲಿ ಅಪ್ಪನ ಕೈಗೇ ಬಿದ್ದ ದೇವದಾಸ ‘ಹಿಂದೂಸ್ತಾನ್ ಟೈಮ್ಸ್’ ಪತ್ರಿಕೆಯ ಸಂಪಾದಕನಾದ. ಅಚ್ಚುಕೂಟದ ಮಗ್ಗುಲಲ್ಲಿ ಬೆಳೆದ ಇಬ್ಬರು ಹುಡುಗರು, ಮೆಟ್ರಿಕ್ ಇಲ್ಲದೆ, ಪತ್ರಿಕೆಗಳ ಚುಕ್ಕಾಣಿ ಹಿಡಿದರು. ಅದೇ ಅಪ್ಪ, ಅದೇ ಹಟ. ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಇವರು ಅಪ್ಪನ ಕೆಲಸದ ಜೊತೆಯಲ್ಲಿ ಬೆಳೆದರು. ಹಿರಿಯವನ ಪಾಲಿಗೆ ಬಂದದ್ದು ಸಂಬಳದ ಶಿಕ್ಷಕಿಯ ಕಾಲ ಮತ್ತು ಅಪ್ಪ ಇಲ್ಲದ ಊರು.

ತಕಲಿ ಪಿರಿಯಡ್ಡು

ಟಾಲ್‌ಸ್ಟಾಯ್ ಫಾರ್ಮಿನ ಪಾಠ 1937ರಲ್ಲಿ ದೇಶದ ಮುಂದೆ ಬಂತು.   ಜುಲೈ ಹೊತ್ತಿಗೆ ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದವು, ಬರುತ್ತಲೇ ಒಂದು ಇಕ್ಕಟ್ಟು. ಶಾಲೆಗಳಿಗೆ ಹಣ ಬರುತ್ತಿದ್ದದ್ದು ಹೆಂಡದ ಸುಂಕದಿಂದ. ಹೆಂಡ ನಿಲ್ಲಿಸಿದರೆ ಶಾಲೆಯೂ ನಿಲ್ಲುತ್ತದೆ. ಮಕ್ಕಳ ಕಲಿಕೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಲಿ, ಕೈಕಸುಬೇ ಪಾಠದ ನಡುಗಂಬವಾಗಲಿ ಎಂದು ಗಾಂಧಿಯವರು ‘ಹರಿಜನ’ ಪತ್ರಿಕೆಯಲ್ಲಿ ಬರೆದರು. ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಶಿಕ್ಷಣ ಪಂಡಿತರು ಸೇರಿದರು. ಏಳು ವರ್ಷದ ಕಡ್ಡಾಯ ಉಚಿತ ಶಿಕ್ಷಣ, ತಾಯ್ನುಡಿಯಲ್ಲಿ, ಒಂದು ಕಸುಬಿನ ಸುತ್ತ. ಝಾಕಿರ್ ಹುಸೇನ್ ಸಮಿತಿ ಪಠ್ಯ ರೂಪಿಸಿತು, ಮರುವರ್ಷ ಹರಿಪುರ ಕಾಂಗ್ರೆಸ್ ಒಪ್ಪಿತು. ನಯೀ ತಾಲೀಮ್ ಎಂದು ಹೆಸರಾಯಿತು. ಇದು ಮಕ್ಕಳಿಂದ ದುಡಿಸುವ ಉಪಾಯ ಎಂದು ಅಂದೇ ಟೀಕೆ ಬಂತು. ಟೀಕೆಯಲ್ಲಿ ಹುರುಳಿಲ್ಲದೆ ಇರಲಿಲ್ಲ.

ನಮ್ಮಲ್ಲಿ ಅದು ಉಳಿದದ್ದು ಹಳಬರ ನೆನಪಿನಲ್ಲಿ, ತಕಲಿ ಪಿರಿಯಡ್ಡಾಗಿ. ಮಕ್ಕಳು ಸಾಲಾಗಿ ಕೂತು ಎಳೆ ತೆಗೆಯುವುದು, ಮೇಷ್ಟರು ಕುರ್ಚಿಯಲ್ಲಿ ಕೂತು ನೋಡುವುದು. ಎಳೆ ಹರಿಯುತ್ತಿತ್ತು, ನೂಲು ಗಂಟಾಗುತ್ತಿತ್ತು, ಗಂಟೆ ಹೊಡೆದರೆ ಎಲ್ಲರೂ ಎದ್ದು ಓಡುತ್ತಿದ್ದರು. ಆ ನೂಲಿನಿಂದ ಯಾರ ಮನೆಗೂ ಬಟ್ಟೆ ಬರಬೇಕಾಗಿರಲಿಲ್ಲ. ಗಿರಣಿಯ ಇನ್ನೊಂದು ಹಿಡಿ ಖಾಲಿಯಿತ್ತು. 1964–66ರ ಕೊಠಾರಿ ಶಿಕ್ಷಣ ಆಯೋಗದ ಹೊತ್ತಿಗೆ ಕಸುಬಿನ ಪಾಠ ‘ಕಾರ್ಯಾನುಭವ’ ಎಂಬ ಹೊಸ ಹೆಸರು ಹೊತ್ತು ವೇಳಾಪಟ್ಟಿಯ ಮೂಲೆಗೆ ಸರಿಯಿತು.

ಕಂಡುಕೊಂಡದ್ದು ಕಳೆದುಹೋಗಲಿಲ್ಲ, ಅದು ಹುಟ್ಟಿದ ಜಾಗಕ್ಕೇ ಹಿಂದಿರುಗಿದೆ ಎಂದು ನನಗೆ ಅನಿಸುವುದು ಈಗಿನ ಕೆಲವು ಮನೆಗಳನ್ನು ನೋಡಿದಾಗ. ಬೆಂಗಳೂರಿನಲ್ಲಿ ಮಕ್ಕಳನ್ನು ಶಾಲೆಗೆ ಹಾಕದೆ ಮನೆಯಲ್ಲೇ ಕಲಿಸುತ್ತಾ, ಮನೆಯಿಂದಲೇ ದುಡಿಯುವ ಅಪ್ಪ ಅಮ್ಮಂದಿರಿದ್ದಾರೆ. 14 ತುಂಬಿದ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಕಟ್ಟಬಹುದು. ಹರಿಲಾಲನಿಗೆ ಬೇಕಿದ್ದ ಬಾಗಿಲು ಇವರಿಗೆ ತೆರೆದೇ ಇದೆ. ಆದರೆ ಮೊದಲ ತಿಂಗಳಿನ ಗೋಳು 1897ರದ್ದೇ. ಬೆಳಿಗ್ಗೆ ಹತ್ತಕ್ಕೆ ಅಮ್ಮನ ಮೀಟಿಂಗು, ಹತ್ತಕ್ಕೇ ಮಗಳ ಗಣಿತ. ಲ್ಯಾಪ್‌ಟಾಪು ಒಂದು, ಡೈನಿಂಗ್ ಟೇಬಲ್ಲು ಒಂದು. ಎರಡೂ ಕೆಡುತ್ತವೆ, ಕೊನೆಗೆ ಟ್ಯೂಷನ್ ಟೀಚರ್‌ಗೆ ಫೋನು ಹೋಗುತ್ತದೆ.

ವಕೀಲಿಕೆಯಲ್ಲಿ ಮಗುವಿಗೆ ಹಿಡಿಯಲು ಹಿಡಿ ಇರಲಿಲ್ಲ. ಮೊಳೆ ಜೋಡಿಸುವುದರಲ್ಲಿ ಇತ್ತು, ಹಿಟ್ಟು ಬೀಸುವುದರಲ್ಲಿ ಇತ್ತು, ಚಪ್ಪಲಿ ಹೊಲಿಯುವುದರಲ್ಲಿ ಇತ್ತು. ಮನೆಯಲ್ಲೇ ಕೇಕು ಮಾಡಿ ಮಾರುವ ತಾಯಿಯ ತಕ್ಕಡಿಯಲ್ಲಿ ಗ್ರಾಮು, ಭಿನ್ನರಾಶಿ, ಲಾಭ ನಷ್ಟ ಮೂರೂ ಇವೆ. ಬ್ಲೌಸು ಹೊಲಿಯುವವರ ಟೇಪಿನಲ್ಲಿ ಅರ್ಧ ರೇಖಾಗಣಿತವಿದೆ. ಕೋಡ್ ಬರೆಯುವ ಅಪ್ಪನ ಕೆಲಸದಲ್ಲಿ ಎಂಟು ವರ್ಷದ ಹುಡುಗಿಗೆ ಸದ್ಯಕ್ಕೆ ಹಿಡಿ ಕಾಣದೆ ಇರಬಹುದು. ಆಗ ಅವನು ದಿನದಲ್ಲಿ ಒಂದಾದರೂ ಬೇರೆ ಕೆಲಸ ಹುಡುಕಬೇಕು: ಮನೆಯ ಜಮಾಖರ್ಚು, ತಾರಸಿಯ ತೊಂಡೆ ಚಪ್ಪರ, ಭಾನುವಾರದ ದೋಸೆ ಹಿಟ್ಟು. ಇಬ್ಬರೂ ತಿರುಗಿಸುವಂಥದ್ದು, ತಿರುಗಿಸಿದರೆ ಹೊಟ್ಟೆಗೋ ಜೇಬಿಗೋ ನಿಜವಾಗಿ ಏನಾದರೂ ಬೀಳುವಂಥದ್ದು.

ಅಷ್ಟಾದರೆ ಗಾಂಧಿಯವರಷ್ಟು ಆಯಿತು. ಅವರಿಗೆ ಆಗದೇ ಹೋದದ್ದೂ ಒಂದಿದೆ. ಹಿಟ್ಟನ್ನು ಡಬ್ಬಿಗೆ ತುಂಬಿ, ಕೈ ತೊಳೆದುಕೊಂಡು, ಫೋನು ಬಂದರೂ ಏಳದೆ, ಮಗುವಿನ ಪಕ್ಕ ಪುಸ್ತಕ ತೆರೆದು ಕೂರಬೇಕಾದ ಒಂದು ಗಂಟೆ.